ಸುತ್ತುನಾರಿನ ಪ್ಲಾಸ್ಟಿಕ್ ಕೊಳವೆಗಳ ಯಾಂತ್ರಿಕ ಗುಣಗಳು

ಉಕ್ಕಿನ ಕೊಳವೆಯ ಬಲವು ಎಲ್ಲ ದಿಕ್ಕುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನಾರು ಸುತ್ತಿ ತಯಾರಿಸಿದ ಪ್ಲಾಸ್ಟಿಕ್ ಕೊಳವೆಯ ಬಲವಾದರೋ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಆದುದರಿಂದ ಇದರ ವಿನ್ಯಾಸದಲ್ಲಿ ವಸ್ತುವಿನ ಆಯ್ಕೆಯಷ್ಟೇ ನಾರಿನ ದಿಕ್ಕೂ ಮುಖ್ಯವಾಗುತ್ತದೆ.

ಗಾಜಿನ ನಾರಿನ ಎಳೆಗಳನ್ನು ದ್ರವರೂಪದ ರಾಳದಲ್ಲಿ ನೆನೆಸಿ, ತಿರುಗುವ ಉರುಳೆಯಾಕಾರದ ಅಚ್ಚಿನ ಮೇಲೆ ಸುತ್ತಲಾಗುತ್ತದೆ. ಅಚ್ಚು ತಿರುಗುವ ವೇಗ ಹಾಗೂ ಎಳೆಯನ್ನು ಹಾಯಿಸುವ ಗಾಡಿಯ ವೇಗ, ಇವೆರಡರ ಅನುಪಾತವು ಸುತ್ತಿನ ಕೋನವನ್ನು ನಿರ್ಧರಿಸುತ್ತದೆ. ರಾಳವು ಗಟ್ಟಿಯಾದ ಬಳಿಕ ಅಚ್ಚನ್ನು ಹೊರತೆಗೆಯಲಾಗುತ್ತದೆ.

ಇ-ಗಾಜಿನ ಯಂಗ್ ಗುಣಾಂಕ ಸುಮಾರು 72 ಗಿಗಾಪ್ಯಾಸ್ಕಲ್. ಎಪಾಕ್ಸಿ ರಾಳದ್ದು ಸುಮಾರು 3. ಗಾತ್ರದಲ್ಲಿ ಶೇಕಡಾ 60 ಭಾಗ ನಾರಿದ್ದರೆ, ನಾರಿನುದ್ದಕ್ಕೂ ಈ ಗುಣಾಂಕವು ಸುಮಾರು 44 ಗಿಗಾಪ್ಯಾಸ್ಕಲ್‌ನಷ್ಟಾಗುತ್ತದೆ. ನಾರಿಗೆ ಅಡ್ಡಲಾಗಿ ಅದು ಇದರ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. ಕರ್ಷಣ ಬಲದಲ್ಲಿ ಅಂತರ ಇನ್ನೂ ಹೆಚ್ಚು: ನಾರಿನುದ್ದಕ್ಕೂ ಸುಮಾರು 1,000 ಮೆಗಾಪ್ಯಾಸ್ಕಲ್ ಇದ್ದರೆ, ಅಡ್ಡಲಾಗಿ ಕೆಲವು ಹತ್ತುಗಳಷ್ಟು ಮಾತ್ರ.

ಎರಡೂ ತುದಿ ಮುಚ್ಚಿದ ತೆಳುಗೋಡೆಯ ಕೊಳವೆಯೊಳಗೆ ಒತ್ತಡವಿದ್ದಾಗ, ಪರಿಧಿಯ ದಿಕ್ಕಿನ ಪೀಡನವು ಅಕ್ಷದ ದಿಕ್ಕಿನ ಪೀಡನದ ಎರಡರಷ್ಟಿರುತ್ತದೆ. ಭಾರವನ್ನೆಲ್ಲ ನಾರೇ ಹೊರುತ್ತದೆಂದು ಭಾವಿಸಿದರೆ, ಅಕ್ಷದಿಂದ ಅಳೆದ ಸುತ್ತಿನ ಕೋನದ ಸ್ಪರ್ಶಕದ ವರ್ಗವು 2 ಆಗಬೇಕು. ಈ ಕೋನವೇ 54.7 ಡಿಗ್ರಿ. ಒತ್ತಡದ ಕೊಳವೆಗಳಲ್ಲಿ ಸುಮಾರು 55 ಡಿಗ್ರಿಯ ಸುತ್ತು ಬಳಕೆಯಲ್ಲಿರುವುದಕ್ಕೆ ಇದೇ ಕಾರಣ. ತಿರುಚು ಬಲವನ್ನು ತಾಳಬೇಕಾದ ದಂಡಗಳಿಗಾದರೆ 45 ಡಿಗ್ರಿ ಸೂಕ್ತ.

ಆದರೆ ಈ ಲೆಕ್ಕವು ರಾಳದ ಪಾತ್ರವನ್ನು ಕಡೆಗಣಿಸುತ್ತದೆ. ವಾಸ್ತವದಲ್ಲಿ ನಾರಿಗೆ ಅಡ್ಡಲಾಗಿ ಬೀಳುವ ಪೀಡನದಿಂದ ರಾಳದಲ್ಲಿ ಸೂಕ್ಷ್ಮ ಬಿರುಕುಗಳು ಮೊದಲು ಹುಟ್ಟುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡಾಗ, ನಾರು ಇನ್ನೂ ತುಂಡಾಗದಿದ್ದರೂ ಗೋಡೆಯಿಂದ ದ್ರವವು ಜಿನುಗತೊಡಗುತ್ತದೆ. ಕೊಳವೆ ಸಿಡಿಯದಿದ್ದರೂ ಅದರ ಉಪಯೋಗ ಅಲ್ಲಿಗೆ ಮುಗಿದಂತೆ.

ಪರೀಕ್ಷೆಯ ಫಲಿತಾಂಶಗಳನ್ನೂ ಈ ಎಚ್ಚರದಿಂದಲೇ ಓದಬೇಕಾಗುತ್ತದೆ. ಕೊಳವೆಯಿಂದ ಕತ್ತರಿಸಿದ ಉಂಗುರವನ್ನು ಎರಡು ಅರ್ಧತಟ್ಟೆಗಳ ಮೇಲೆ ಕೂರಿಸಿ ಎಳೆಯುವ ವಿಧಾನವು ಸರಳವಾದುದು. ಆದರೆ ಓರೆಯಾಗಿ ಸುತ್ತಿದ ನಾರುಗಳು ಉಂಗುರದ ಅಂಚುಗಳಲ್ಲಿ ತುಂಡಾಗಿರುವುದರಿಂದ, ದೊರೆಯುವ ಬಲವು ಇಡೀ ಕೊಳವೆಯ ಬಲಕ್ಕಿಂತ ಕಡಿಮೆಯಾಗಿ ಕಾಣಬಹುದು. ಅಲ್ಪಾವಧಿಯ ಸಿಡಿತದ ಪರೀಕ್ಷೆಯು ದೀರ್ಘಕಾಲದ ಬಾಳಿಕೆಯನ್ನು ತಿಳಿಸಲಾರದು. ಆದುದರಿಂದಲೇ ಎಎಸ್‌ಟಿಎಂ ಡಿ 2992 ಮಾನದಂಡದ ಸ್ಥಿರ ಒತ್ತಡದ ವಿಧಾನದಲ್ಲಿ ಪರೀಕ್ಷೆಯನ್ನು 10,000 ಗಂಟೆಗಳಿಗೂ ಮೀರಿ ನಡೆಸಿ, ಅದರಿಂದ 50 ವರ್ಷಗಳವರೆಗಿನ ಬಲವನ್ನು ಅಂದಾಜು ಮಾಡಲಾಗುತ್ತದೆ.

ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೆಯ ಹಂತದ ಮೋಟಾರಿಗೆ ಕೆವ್ಲಾರ್ ನಾರಿನ ಸಂಯುಕ್ತ ಕವಚವಿದೆ. ಅದು ಉರಿಯುವ ಒತ್ತಡವನ್ನು ತಾಳಬೇಕಾದುದು ಕೆಲವೇ ನಿಮಿಷಗಳ ಕಾಲ. ನೆಲದಡಿಯ ನೀರಿನ ಕೊಳವೆ ಹಲವು ದಶಕಗಳ ಕಾಲ ಜಿನುಗದೆ ಉಳಿಯಬೇಕು. ಮೊದಲನೆಯದರ ಅಳತೆಗೋಲು ನಾರಿನ ಬಲ. ಎರಡನೆಯದರಲ್ಲಿ ರಾಳದ ತಾಳಿಕೆಯೇ ನಿರ್ಣಾಯಕ. ಯಾವ ಬಲ, ಎಷ್ಟು ಕಾಲಕ್ಕೆ ಎಂಬುದು ಸ್ಪಷ್ಟವಾದ ಮೇಲೆಯೇ ಕೋಷ್ಟಕದ ಸಂಖ್ಯೆಗಳಿಗೆ ಅರ್ಥ ಬರುತ್ತದೆ.