ಅಪ್ಪನ ಹೆಸರಲ್ಲಿ ಬರೆದ ಕೊಲೆಯ ಕತೆಗಳು

ರಾಸ್ ಮ್ಯಾಕ್‌ಡೊನಾಲ್ಡ್ ಕಾದಂಬರಿಗಳಲ್ಲಿ ಅಸಲಿ ಕೊಲೆ ನಡೆದು ಹದಿನೈದಿಪ್ಪತ್ತು ವರ್ಷ ಕಳೆದಿರುತ್ತದೆ. ಮನೆಯವರು ಅದರ ಮೇಲೆ ಮಣ್ಣೆಳೆದು, ಮಕ್ಕಳನ್ನು ಬೆಳೆಸಿ, ನೆಮ್ಮದಿಯಾಗಿರುವಂತೆ ನಟಿಸುತ್ತಿರುತ್ತಾರೆ. ಅಲ್ಲಿಗೆ ಖಾಸಗಿ ಪತ್ತೇದಾರ ಲೂ ಆರ್ಚರ್ ಬರುತ್ತಾನೆ, ಅದೂ ಬೇರೆ ಯಾವುದೋ ಸಣ್ಣ ಕೆಲಸಕ್ಕೆ. ಮನೆ ಬಿಟ್ಟು ಹೋದ ಮಗನನ್ನೋ ಮಗಳನ್ನೋ ಹುಡುಕಿಕೊಡಬೇಕು, ಅಷ್ಟೇ.

1949ರಲ್ಲಿ ‘ದಿ ಮೂವಿಂಗ್ ಟಾರ್ಗೆಟ್’ ಮೂಲಕ ಬಂದ ಆರ್ಚರ್, ಮೊದಮೊದಲು ಹಿರಿಯ ಪತ್ತೇದಾರಿ ಕತೆಗಾರರಾದ ಹ್ಯಾಮೆಟ್ ಮತ್ತು ಚಾಂಡ್ಲರ್ ಹಾಕಿಕೊಟ್ಟ ‘ನ್ವಾರ್’ ಎಂಬ ಕರಾಳ ಅಪರಾಧ ಕಥನದ ದಾರಿಯಲ್ಲೇ ನಡೆದವನು. ಅವನ ಹೆಸರೂ ಹ್ಯಾಮೆಟ್ ಸೃಷ್ಟಿಸಿದ ಸ್ಯಾಮ್ ಸ್ಪೇಡ್‌ನ ಸತ್ತ ಪಾಲುದಾರನದ್ದು. ಬರಬರುತ್ತಾ ಬಂದೂಕು ಹಿಂದೆ ಸರಿದು ಕಿವಿ ಮುಂದೆ ಬಂತು. ಆರ್ಚರ್ ಜನರೆದುರು ಕೂತು ಮಾತಾಡಿಸುತ್ತಾನೆ, ಕಾಯುತ್ತಾನೆ. ಸುಳ್ಳು ಹೇಳಿ ಸುಸ್ತಾದವರು ತಾವಾಗಿಯೇ ಬಾಯಿ ಬಿಡುತ್ತಾರೆ.

ಈ ತಿರುವಿಗೆ ಕಾರಣ ಲೇಖಕನ ಮನೆಯಲ್ಲೇ ಇತ್ತು. ಅವನ ನಿಜವಾದ ಹೆಸರು ಕೆನೆತ್ ಮಿಲ್ಲರ್. ಹುಟ್ಟಿದ್ದು 1915ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬೆಳೆದದ್ದು ಕೆನಡಾದಲ್ಲಿ. ಇನ್ನೂ ಚಿಕ್ಕವನಿದ್ದಾಗಲೇ ಅಪ್ಪ ಬಿಟ್ಟು ಹೋದ. ಕೈಯಲ್ಲಿ ಕಾಸಿಲ್ಲದ ತಾಯಿ ಆರು ವರ್ಷದ ಮಗನನ್ನು ಅನಾಥಾಲಯದ ಗೇಟಿನ ತನಕ ಕರೆದೊಯ್ದು, ಮನಸ್ಸು ಬಾರದೆ ವಾಪಸು ಕರೆತಂದಳು. ಮುಂದೆ ಇಂಗ್ಲಿಷ್ ಕವಿ ಕೋಲ್‌ರಿಜ್ ಮೇಲೆ ಪಿಎಚ್‌.ಡಿ. ಮಾಡಿದ ಈ ಮನುಷ್ಯ ಕೊಲೆಯ ಕತೆ ಬರೆಯಲು ಕೂತಾಗ, ಹೆಂಡತಿ ಮಾರ್ಗರೆಟ್ ಮಿಲ್ಲರ್ ಆಗಲೇ ಹೆಸರಾಂತ ರಹಸ್ಯ ಕಾದಂಬರಿಗಾರ್ತಿ. ಗೊಂದಲ ಬೇಡವೆಂದು ಬೇರೆ ಹೆಸರು ಬೇಕಾಯಿತು. ಅವನು ಆರಿಸಿಕೊಂಡದ್ದು ಜಾನ್ ಮ್ಯಾಕ್‌ಡೊನಾಲ್ಡ್, ಅಂದರೆ ಬಿಟ್ಟು ಹೋದ ಅಪ್ಪನ ಹೆಸರು. ಆ ಹೆಸರಿನ ಇನ್ನೊಬ್ಬ ಲೇಖಕ ಆಗಲೇ ಇದ್ದುದರಿಂದ ಕೊನೆಗೆ ‘ರಾಸ್’ ಸೇರಿ ‘ಜಾನ್’ ಬಿಟ್ಟುಹೋಯಿತು. ಮ್ಯಾಕ್‌ಡೊನಾಲ್ಡ್ ಮಾತ್ರ ಉಳಿಯಿತು.

1956ರಲ್ಲಿ ಮಿಲ್ಲರ್ ದಂಪತಿಯ ಹದಿಹರೆಯದ ಮಗಳು ಓಡಿಸುತ್ತಿದ್ದ ಕಾರು ಹಾಯ್ದು ಒಬ್ಬ ಹುಡುಗ ಸತ್ತ. ಕಾರು ನಿಲ್ಲಲಿಲ್ಲ. ಅವರು ನೆಲೆಸಿದ್ದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಂಥ ಸಣ್ಣ ಊರಲ್ಲಿ ತಲೆ ಎತ್ತಿ ನಡೆಯಲಾಗದೆ ಕುಟುಂಬ ಕೆಲಕಾಲ ಊರನ್ನೇ ಬಿಟ್ಟಿತು. ಮಿಲ್ಲರ್ ಮನೋಚಿಕಿತ್ಸೆಗೆ ಹೋದ. ಅದರ ಬೆನ್ನಿಗೇ ಬಂದದ್ದು 1959ರ ‘ದಿ ಗಾಲ್ಟನ್ ಕೇಸ್’.

ಗುಟ್ಟು ಬಿಟ್ಟುಕೊಡದೆ ಈ ಕಾದಂಬರಿಯ ಮಾತಾಡುವುದು ಕಷ್ಟ. ಸಾಯುವ ಮುನ್ನ ಮಗನ ಮುಖ ನೋಡಬೇಕೆಂದು ಶ್ರೀಮಂತ ಮುದುಕಿಯೊಬ್ಬಳು ಹಂಬಲಿಸುತ್ತಾಳೆ. ಮಗ ಇಪ್ಪತ್ತು ವರ್ಷಕ್ಕೂ ಹಿಂದೆ ಜಗಳಾಡಿ ಹೋದವನು. ಹುಡುಕುತ್ತ ಹೋದ ಆರ್ಚರ್‌ಗೆ ಸಿಗುವುದು ಒಂದು ತಲೆಯಿಲ್ಲದ ಅಸ್ಥಿಪಂಜರ, ಜೊತೆಗೆ ತಾನೇ ಆ ಮಗನ ಮಗ ಎನ್ನುವ ಒಬ್ಬ ಯುವಕ. ಮೊಮ್ಮಗ ಅಸಲಿಯೋ ಆಸ್ತಿಗಾಗಿ ಬಂದ ನಕಲಿಯೋ? ಹುಡುಗ ಬೆಳೆದದ್ದು ಕೆನಡಾದಲ್ಲಿ, ಬೇರೆ ಹೆಸರಿನಲ್ಲಿ. ವಂಚಕರು ಅವನಿಗೆ ಪಾಠ ಹೇಳಿಕೊಟ್ಟು ಕಳಿಸಿದ್ದಾರೆ. ಆದರೆ ಹೇಳಿಕೊಟ್ಟ ಸುಳ್ಳೇ ನಿಜವಾಗಿರುತ್ತದೆ! ವೇಷ ಹಾಕಿದವನೇ ನಿಜವಾದ ವಾರಸುದಾರ. ಇಂಥ ತಿರುವನ್ನು ಬರೀ ಜಾಣತನದಿಂದ ಹೆಣೆಯಲಾಗದು ಎಂಬುದು ನನ್ನ ಅನಿಸಿಕೆ. ಅಪ್ಪನ ಹೆಸರು ಹೊತ್ತು, ಹುಟ್ಟಿದ ನೆಲಕ್ಕೇ ಪರದೇಶಿಯ ಹಾಗೆ ಮರಳಿದವನಿಗೆ ಅದು ಹೊಳೆದೀತು.

ಪುಸ್ತಕ ಹೊರಬಂದ ವರ್ಷವೇ ಮಗಳು ಕಾಲೇಜಿನಿಂದ ಕಾಣೆಯಾದಳು. ಓಡಿಹೋದ ಮಕ್ಕಳ ಕತೆಗಾರ ಈಗ ತಾನೇ ಖಾಸಗಿ ಪತ್ತೇದಾರರನ್ನು ನೇಮಿಸಬೇಕಾಯಿತು. ಅವಳು ನೆವಾಡಾದಲ್ಲಿ ಪತ್ತೆಯಾದಳು. 1970ರಲ್ಲಿ, 31ರ ವಯಸ್ಸಿನಲ್ಲಿ ತೀರಿಕೊಂಡಳು.

ಮರುವರ್ಷ ಬಂದ ‘ದಿ ಅಂಡರ್‌ಗ್ರೌಂಡ್ ಮ್ಯಾನ್’ ಆರಂಭವಾಗುವುದು ಹಕ್ಕಿಗಳಿಗೆ ಕಡಲೇಕಾಯಿ ಹಾಕುತ್ತಿರುವ ಆರ್ಚರ್‌ನಿಂದ. ಒಬ್ಬ ಪುಟ್ಟ ಹುಡುಗ ತಾನೂ ಹಾಕುತ್ತೇನೆಂದು ಬರುತ್ತಾನೆ. ಸ್ವಲ್ಪ ಹೊತ್ತಿಗೇ ಹುಡುಗ ಕಾಣೆ. ಹುಡುಗನ ಅಪ್ಪ, ಎಂದೋ ಕಾಣೆಯಾದ ತನ್ನ ಅಪ್ಪನ ಗುಟ್ಟು ಕೆದಕಲು ಬೆಟ್ಟ ಹತ್ತಿದವನು, ಅಲ್ಲೇ ಕೊಲೆಯಾಗುತ್ತಾನೆ. ಅವನ ಕೈಜಾರಿದ ಚುಟ್ಟಾದಿಂದ ಕಾಡಿಗೇ ಬೆಂಕಿ ಹತ್ತುತ್ತದೆ. ಅಮೆರಿಕದ ಹೆಸರಾಂತ ಸಾಹಿತಿ ಯುಡೋರಾ ವೆಲ್ಟಿ ಈ ಪುಸ್ತಕವನ್ನು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಾಯ್ತುಂಬ ಹೊಗಳಿದ ಮೇಲೆ ಪತ್ತೇದಾರಿ ಸಾಹಿತ್ಯವೆಂದು ಮೂಗು ಮುರಿಯುತ್ತಿದ್ದವರೂ ಮ್ಯಾಕ್‌ಡೊನಾಲ್ಡ್‌ನನ್ನು ಓದತೊಡಗಿದರು.

ಕೊರತೆಗಳೂ ಇವೆ. ಪಾತ್ರಗಳು ಎಷ್ಟೆಂದರೆ ಪಕ್ಕದಲ್ಲಿ ಹಾಳೆಯಿಟ್ಟು ವಂಶವೃಕ್ಷ ಬರೆದುಕೊಳ್ಳಬೇಕು. ಮನೆ ಹಾಳಾದ ಪಾಪವೂ ಪದೇಪದೇ ತಾಯಂದಿರ ತಲೆಗೇ ಸುತ್ತಿಕೊಳ್ಳುತ್ತದೆ. ಹದಿನೆಂಟು ಆರ್ಚರ್ ಕಾದಂಬರಿಗಳಲ್ಲಿ ಒಂದನ್ನಾದರೂ ಓದುವುದಾದರೆ 1964ರ ‘ದಿ ಚಿಲ್’ ಎತ್ತಿಕೊಳ್ಳಿ. ಕೊನೆಯ ಪುಟವನ್ನು ಮೊದಲೇ ಇಣುಕುವ ಚಾಳಿಯಿದ್ದರೆ, ಈ ಪುಸ್ತಕದ ಮಟ್ಟಿಗೆ ಬೇಡ.