ಬ್ಯಾಂಡಿನ ಕ್ಯಾಪ್ಟನ್ ರಾಮಸಿಂಗ್

ಅಕ್ಕಲಕೋಟದಾಗ ಬೀಗರ ಮದುವೆ. ಮೆರವಣಿಗೆಯಲ್ಲಿ ಬ್ಯಾಂಡಿನವರು ಸಿನಿಮಾ ಹಾಡು ಬಿಟ್ಟು 'ಕದಮ್ ಕದಮ್ ಬಢಾಯೇ ಜಾ' ಹಿಡಿದರು. ಕುದುರೆ ಮೇಲಿನ ಮದುಮಗನೂ ನೆಟ್ಟಗೆ ಕುಂತ! "ಈ ಧಾಟಿ ಯಾರದು ಗೊತ್ತೇನ್ರಿ?" ಎಂದು ಪಕ್ಕದ ಅಡತಿ ಸಾಹುಕಾರರನ್ನು ಕೇಳಿದೆ. "ಸಿನಿಮಾದವ್ರದ ಇರಬೇಕ ಬಿಡ್ರಿ" ಅಂದರು.

ಅಲ್ಲ. ಪದ ವಂಶೀಧರ ಶುಕ್ಲರದು, ಧಾಟಿ ಕ್ಯಾಪ್ಟನ್ ರಾಮಸಿಂಗ್ ಠಾಕುರಿಯವರದು. ಧರ್ಮಶಾಲೆಯ ಬಳಿ 1914ರ ಆಗಸ್ಟ್ 15ರಂದು ಹುಟ್ಟಿದ ಗೂರ್ಖಾ. ಹುಡುಗರಿದ್ದಾಗಲೇ ಪಲ್ಟನ್ನಿನ ಬ್ಯಾಂಡು ಸೇರಿದರು. ಎರಡನೇ ಮಹಾಯುದ್ಧದಲ್ಲಿ ಮಲಯಾದಲ್ಲಿ ಜಪಾನಿಗಳಿಗೆ ಸೆರೆಸಿಕ್ಕು, ಆಮೇಲೆ ಆಜಾದ್ ಹಿಂದ್ ಫೌಜಿಗೆ ಬಂದರು. ನೇತಾಜಿ ಅವರಿಗೊಂದು ಪಿಟೀಲು ಕೊಟ್ಟರು. ಬಂದೂಕಿನ ಕೈಗೆ ಪಿಟೀಲು! ಆಜಾದ್ ಹಿಂದ್ ಸರಕಾರದ 'ಶುಭ್ ಸುಖ್ ಚೈನ್' ಗೀತೆಯನ್ನು ಬ್ಯಾಂಡಿಗೆ ಹೊಂದಿಸಿದವರೂ ಅವರೇ. 'ಜನ ಗಣ ಮನ'ದ ಧಾಟಿಯೂ ಅವರದೇ ಅಂತ ಕೆಲವರು ಹೇಳೋದು ಮಾತ್ರ ತಪ್ಪು. 1911ರಲ್ಲೇ ಹಾಡಿದ್ದ ಅದು ರವೀಂದ್ರರದು.

ಸ್ವಾತಂತ್ರ್ಯದ ನಂತರ ಲಖನೌದಲ್ಲಿ ಸಶಸ್ತ್ರ ಪೊಲೀಸರ ಬ್ಯಾಂಡು ನಡೆಸಿದರು. ಇಳಿವಯಸ್ಸಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೂ ಹೋರಾಡಬೇಕಾಯಿತು. ದೇಶವನ್ನೇ ಹೆಜ್ಜೆ ಹಾಕಿಸಿದವರಿಗೆ ಈ ಅಲೆದಾಟ! 2002ರ ಏಪ್ರಿಲ್ 15ರಂದು ತೀರಿಕೊಂಡರು.

ಊಟದ ಹೊತ್ತಿಗೆ ಕ್ಲಾರಿನೆಟ್ ಹುಡುಗನಿಗೆ ಹೆಸರು ಹೇಳಿದೆ. "ಬರದ ಕೊಡ್ರಿ ಸರ" ಎಂದು ಸುಪಾರಿ ಬರೆದ ಚೀಟಿಯ ಬೆನ್ನನ್ನೇ ಮುಂದೆ ಹಿಡಿದ.