ರ್‍ಯಾಂಕ್ ಪಟ್ಟಿಯೂ ತೊಂಡಾಮುತ್ತೂರಿನ ತೋಟವೂ

ಪ್ಲಸ್ ಟು ಫಲಿತಾಂಶ ಬಂದೊಡನೆ ನಮ್ಮ ಗಡಿನಾಡಿನ ಮನೆ ಮನೆಗಳಲ್ಲಿ ಒಂದೇ ಮಾತು: ಮಕ್ಕಳನ್ನು ಎಲ್ಲಿಗೆ ಸೇರಿಸುವುದು? ಹಿಂದೆ ಊರಿನ ಮಾಸ್ತರರನ್ನು ಕೇಳಿದರೆ ಉತ್ತರ ಸಿಗುತ್ತಿತ್ತು. ಈಗ ಮಾಸ್ತರರ ಸ್ಥಾನವನ್ನು ರ್‍ಯಾಂಕ್ ಪಟ್ಟಿ ಆಕ್ರಮಿಸಿದೆ.

ನಮ್ಮ ಪರಿಚಯದ ಅಡಿಕೆ ಕೃಷಿಕರೊಬ್ಬರು ಅಂಥ ಪಟ್ಟಿಯೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದರು. ಮಗಳಿಗೆ ಬಿ.ಎಸ್ಸಿ. (ಆನರ್ಸ್) ಕೃಷಿ ಓದುವ ಆಸೆ. ಪಡನ್ನಕ್ಕಾಡಿನ ಕೃಷಿ ಕಾಲೇಜು ಮನೆಯ ಬಾಗಿಲಲ್ಲೇ ಇದೆ. ಕೊಯಮತ್ತೂರಿನಲ್ಲೂ ಸೀಟು ಸಿಗುವ ಸಂಭವವಿದೆ. ಪಟ್ಟಿಯಲ್ಲಿ ಮೇಲಿರುವುದಕ್ಕೇ ಸೇರಿಸಬೇಕೆಂಬುದು ತಂದೆಯ ಹಟ. “ಅಪ್ಪಾ, ಒಮ್ಮೆ ನೋಡಿ ಬರೋಣ” ಎಂದಳು ಮಗಳು. ಅವರ ಜೊತೆಗೆ ನಾವೂ ರೈಲು ಹತ್ತಿದೆವು.

ಕೊಯಮತ್ತೂರಿನ ಲಾಲಿ ರೋಡಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯವಿದೆ. 1868ರಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಶಾಲೆಯಾಗಿ ಆರಂಭವಾಗಿ, 1906ರಲ್ಲಿ ಕೊಯಮತ್ತೂರಿಗೆ ಸ್ಥಳಾಂತರಗೊಂಡು, 1971ರಲ್ಲಿ ವಿಶ್ವವಿದ್ಯಾನಿಲಯವಾದ ಸಂಸ್ಥೆ ಇದು. ಅಲ್ಲಿಂದ ವಡವಳ್ಳಿ ದಾಟಿ ಪಶ್ಚಿಮಕ್ಕೆ ಹೋದರೆ ತೊಂಡಾಮುತ್ತೂರು. ವೆಳ್ಳಿಯಂಗಿರಿ ಬೆಟ್ಟದ ತಪ್ಪಲು, ನೊಯ್ಯಲ್ ನದಿಯ ಸೀಮೆ. ತೆಂಗು, ಬಾಳೆ, ಅಡಿಕೆ. ಕಾಸರಗೋಡಿನವರಿಗೆ ಪರ ಊರೆಂದೇ ಅನಿಸದು.

ಮೊದಲು ‘ಆನರ್ಸ್’ ಎಂಬ ಪದವನ್ನೇ ಬಿಡಿಸಿ ನೋಡೋಣ. ಕೃಷಿ ಪದವಿಯಲ್ಲಿ ಆನರ್ಸ್ ಎಂಬುದು ಆಯ್ದ ಕೆಲವರಿಗೆ ಮೀಸಲಾದ ಗೌರವವಲ್ಲ. ನಾಲ್ಕು ವರ್ಷದ ಆ ಪದವಿಯ ಹೆಸರೇ ಹಾಗೆ. ಕೇರಳದಲ್ಲಿ 2024ರಿಂದ ಜಾರಿಗೆ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯಲ್ಲಿ ಮೂರು ವರ್ಷಕ್ಕೆ ಸಾಮಾನ್ಯ ಪದವಿ ಪಡೆದು ಹೊರಬರಬಹುದು, ನಾಲ್ಕನೆಯದನ್ನೂ ಮುಗಿಸಿದರೆ ಆನರ್ಸ್. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಕ್ರಮ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಮರಳಿತು. ಅಮೇರಿಕದ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಾದರೋ ಹೆಚ್ಚು ಅಂಕ ಪಡೆದವರನ್ನು ಆರಿಸಿ, ಸಣ್ಣ ತರಗತಿಗಳಲ್ಲಿ ಕಲಿಸುವ ಏರ್ಪಾಡಿಗೆ ಈ ಹೆಸರು. ಪದ ಒಂದೇ, ಒಳಗಿನ ಸರಕು ಬೇರೆ ಬೇರೆ.

ಇನ್ನು ಪಟ್ಟಿಯ ವಿಚಾರ. ಕೇಂದ್ರ ಸರಕಾರದ ಎನ್.ಐ.ಆರ್.ಎಫ್. ಪಟ್ಟಿ ಮೊದಲು ಬಂದದ್ದು 2016ರಲ್ಲಿ. ಕೃಷಿಗೆ ಪ್ರತ್ಯೇಕ ಪಟ್ಟಿ 2023ರಿಂದ. ವಿಶ್ವವಿದ್ಯಾನಿಲಯಗಳನ್ನು ಅಳೆಯುವಾಗ 100 ಅಂಕಗಳಲ್ಲಿ ಬೋಧನೆ ಮತ್ತು ಸೌಕರ್ಯಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಎಲ್ಲ ವರ್ಗದವರಿಗೆ ಅವಕಾಶ ಕೊಟ್ಟದ್ದಕ್ಕೆ 10, ಜನಾಭಿಪ್ರಾಯಕ್ಕೆ 10. ಸಂಶೋಧನೆಯ ಅಂಕ ಮುಖ್ಯವಾಗಿ ಪ್ರಕಟವಾದ ಲೇಖನ, ಪೇಟೆಂಟು, ಯೋಜನೆಗಳ ಹಣದಿಂದ ಬರುತ್ತದೆ. ಹೆಚ್ಚು ಲೇಖನ ಬರೆದ ವಿದ್ವಾಂಸರೇ ಮೊದಲ ವರ್ಷದ ಮಕ್ಕಳಿಗೆ ಮಣ್ಣಿನ ಪಾಠ ಹೇಳುತ್ತಾರೆಯೇ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ.

2023ರ ಕೃಷಿ ಪಟ್ಟಿಯಲ್ಲಿ ಮೊದಲ ಸ್ಥಾನ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ. ಅದು ಅರ್ಹ ಸ್ಥಾನವೇ. ಆದರೆ ದಶಕಗಳ ಕಾಲ ಆ ಸಂಸ್ಥೆಯ ಕೀರ್ತಿ ಬೆಳೆದದ್ದು ಸಂಶೋಧನೆಯಿಂದ, ಸ್ನಾತಕೋತ್ತರ ಶಿಕ್ಷಣದಿಂದ. ಪ್ಲಸ್ ಟು ಮುಗಿಸಿದವರಿಗೆ ಆ ಸ್ಥಾನ ಹೇಳುವುದು ಸ್ವಲ್ಪವೇ.

ಇನ್ನೊಂದು ತೊಡಕೂ ಇದೆ. ರ್‍ಯಾಂಕ್ ಇರುವುದು ಇಡೀ ವಿಶ್ವವಿದ್ಯಾನಿಲಯಕ್ಕೆ; ವಿದ್ಯಾರ್ಥಿ ಕೂರುವುದು ಒಂದು ಕಾಲೇಜಿನಲ್ಲಿ. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯಕ್ಕೆ ಕೊಯಮತ್ತೂರಲ್ಲದೆ ಮದುರೆ, ತಿರುಚಿರಾಪಳ್ಳಿ, ಕಿಳ್ಳಿಕುಳಂ ಮೊದಲಾದ ಕಡೆಗಳಲ್ಲೂ ಕಾಲೇಜುಗಳಿವೆ. ಸಂಯೋಜಿತ ಖಾಸಗಿ ಕಾಲೇಜುಗಳು ಬೇರೆ. ಕೇರಳ ಕೃಷಿ ವಿಶ್ವವಿದ್ಯಾನಿಲಯಕ್ಕೂ ವೆಳ್ಳಾನಿಕ್ಕರ, ವೆಳ್ಳಾಯಣಿ, ಪಡನ್ನಕ್ಕಾಡು ಎಂದು ಹಲವು ನೆಲೆಗಳು. ಕೊಯಮತ್ತೂರಿನ ಹೆಸರು ನೋಡಿ ಅರ್ಜಿ ಹಾಕಿದವನು ತೂತ್ತುಕುಡಿ ಜಿಲ್ಲೆಯ ಕಿಳ್ಳಿಕುಳಂ ಸೇರಿದರೆ ಪಟ್ಟಿಯನ್ನು ದೂರಿ ಫಲವಿಲ್ಲ. ಸೀಟು ಸಿಗುವ ದಾರಿಗಳೂ ಬೇರೆ: ಕೇರಳದಲ್ಲಿ ನೀಟ್ ಅಂಕ, ತಮಿಳುನಾಡಿನವರಿಗೆ ಹನ್ನೆರಡನೆಯ ತರಗತಿಯ ಅಂಕ, ಹೊರರಾಜ್ಯದವರಿಗೆ ಸಿ.ಯು.ಇ.ಟಿ. ಮೂಲಕ ಅಖಿಲ ಭಾರತ ಪಾಲು.

ಹಾಗೆಂದು ವಿಭಾಗದ ಕೀರ್ತಿ ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಅದಕ್ಕೂ ಕಾಲವಿದೆ. ಡಾ. ಎಂ.ಎಸ್. ಸ್ವಾಮಿನಾಥನ್ ಕೃಷಿ ಪದವಿ ಪಡೆದದ್ದು ಇದೇ ಕೊಯಮತ್ತೂರಿನ ಕಾಲೇಜಿನಲ್ಲಿ. ತಳಿಶಾಸ್ತ್ರವೇ ತಮ್ಮ ದಾರಿಯೆಂದು ನಿಶ್ಚಯವಾದ ಮೇಲೆ, 1947ರಲ್ಲಿ, ಅವರು ದೆಹಲಿಯ ಸಂಸ್ಥೆಗೆ ಹೋದರು. ಮೊದಲ ಪದವಿಗೆ ಬುನಾದಿ ಗಟ್ಟಿಯಿರುವ ಕಾಲೇಜು, ಮುಂದಿನ ಪದವಿಗೆ ಆ ವಿಷಯದಲ್ಲಿ ಪ್ರಬಲವಾದ ವಿಭಾಗ: ಕ್ರಮ ಇದು. ಹದಿನೇಳರ ಹುಡುಗಿಗೆ ಯಾವ ವಿಷಯ ಹಿಡಿಸೀತೆಂದು ಇಂದೇ ಹೇಳಬಲ್ಲವರು ಯಾರು? ಒಂದು ವಿಭಾಗದ ರ್‍ಯಾಂಕ್ ನಂಬಿ ಸೇರಿದವಳಿಗೆ ಎರಡನೆಯ ವರ್ಷದಲ್ಲಿ ಬೇರೊಂದರ ಮೇಲೆ ಮನಸ್ಸಾದರೆ? ಹಲವು ವಿಭಾಗಗಳು ತಕ್ಕಮಟ್ಟಿಗೆ ಚೆನ್ನಾಗಿರುವ ಕಡೆ ಇರುವುದೇ ಕ್ಷೇಮ.

ತೊಂಡಾಮುತ್ತೂರಿನಲ್ಲಿ ನಾವು ಹೊಕ್ಕ ತೋಟದ ಯಜಮಾನರು ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗರು. ಕನ್ನಡ ಅಕ್ಷರ ಬಾರದು, ಮಾತು ಮಾತ್ರ ತಲೆಮಾರುಗಳಿಂದ ಉಳಿದಿದೆ. ಕೃಷಿ ವಿದ್ಯಾರ್ಥಿಗಳು ಪದವಿಯ ಕೊನೆಯ ಹಂತದಲ್ಲಿ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡಬೇಕೆಂಬ ನಿಯಮವಿದೆ. ಅಂಥವರನ್ನು ಅವರು ಕಂಡವರು. ನಮ್ಮ ಹುಡುಗಿಯನ್ನು ನೋಡಿ ಅವರೆಂದರು: “ಅಮ್ಮಿಣಿ, ಬರುವ ಹುಡುಗರಲ್ಲಿ ಎರಡು ಜಾತಿ. ಒಬ್ಬ ಪುಸ್ತಕ ತೆಗೆದು ರೋಗದ ಹೆಸರು ಹೇಳುತ್ತಾನೆ. ಇನ್ನೊಬ್ಬ ಮೊದಲು ಬುಡ ಕೆದಕಿ ನೋಡುತ್ತಾನೆ. ಎರಡನೆಯವನಿಗೆ ಯಾರೋ ಕೈಹಿಡಿದು ಕಲಿಸಿರುತ್ತಾರೆ.”

ಆ ‘ಯಾರೋ’ ಎಂಬವರನ್ನು ಹುಡುಕುವುದೇ ತಂದೆತಾಯಿಯರ ಕೆಲಸ. ಕಾಲೇಜಿಗೆ ಹೋಗಿ ಕೇಳಬೇಕಾದದ್ದು ಇಷ್ಟು: ಮೊದಲ ವರ್ಷ ಪಾಠ ಮಾಡುವವರು ಯಾರು? ಎಷ್ಟು ಅಧ್ಯಾಪಕರ ಹುದ್ದೆ ಖಾಲಿ ಇದೆ? ಪ್ರಾಯೋಗಿಕ ತರಗತಿಯಲ್ಲಿ ಒಂದು ಗುಂಪಿಗೆ ಎಷ್ಟು ಮಕ್ಕಳು? ಹೊಲಕ್ಕೆ ಇಳಿಸುತ್ತಾರೋ, ಬರಿದೆ ತೋರಿಸುತ್ತಾರೋ? ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯೇ? ಕಳೆದ ಮೂರು ವರ್ಷದವರು ಎಲ್ಲಿಗೆ ಹೋದರು? ಕಚೇರಿಯಲ್ಲಿ ಕೇಳಿದ್ದನ್ನು ಹಾಸ್ಟೆಲಿನ ಮಕ್ಕಳಲ್ಲಿ ಮತ್ತೊಮ್ಮೆ ಕೇಳಬೇಕು.

ಹಾಗಾದರೆ ಪಟ್ಟಿಯಿಂದ ಪ್ರಯೋಜನ? ತೀರ ಕೆಳಗಿರುವುದನ್ನೂ ಹೆಸರೇ ಇಲ್ಲದ್ದನ್ನೂ ಎಚ್ಚರದಿಂದ ನೋಡಲು ಅದು ಸಾಕು. ಒಂದೆರಡು ಸ್ಥಾನದ ಹೆಚ್ಚುಕಡಿಮೆಗಾಗಿ ಮಕ್ಕಳ ಮನಸ್ಸು ಮುರಿಯುವುದಕ್ಕೆ ಅದು ಸಾಲದು.

ಹಿಂತಿರುಗುವ ರೈಲಿನಲ್ಲಿ ತಂದೆ ಜೇಬಿನ ಕಾಗದವನ್ನು ಹೊರತೆಗೆದು ಮಗಳ ಕೈಗೆ ಕೊಟ್ಟರು. ಅವಳು ಅದರ ಹಿಂಬದಿಯಲ್ಲಿ ಮೇಲಿನ ಪ್ರಶ್ನೆಗಳನ್ನೆಲ್ಲ ಬರೆದುಕೊಂಡಳು. “ಮರುವಾರ ಪಡನ್ನಕ್ಕಾಡಿನಲ್ಲೂ ಇದನ್ನೇ ಕೇಳೋಣ, ಅಪ್ಪಾ. ಆಮೇಲೆ ನಿಶ್ಚಯ ಮಾಡೋಣ” ಎಂದಳು. ತಂದೆ ಇಲ್ಲವೆನ್ನಲಿಲ್ಲ.